ಅರಗಿನ ತಟ್ಟೆಯ ಹಾಡುಗಳು

ಹಳೆಯ ಮನೆಯನ್ನು ಬಿಟ್ಟು ಹೊಸ ಮನೆಗೆ ಹೊರಡುವ ದಿನ ಅಟ್ಟದ ಮೇಲಿನಿಂದ ಒಂದು ಪೆಟ್ಟಿಗೆ ಕೆಳಗಿಳಿಯುತ್ತದೆ. ಅದರೊಳಗೆ ಕಂದುಬಣ್ಣದ ಕಾಗದದ ಚೀಲಗಳಲ್ಲಿ ಕಪ್ಪು ತಟ್ಟೆಗಳು. ತಾತನ ಕಾಲದ ಗ್ರಾಮಫೋನು ಕೆಟ್ಟು ಎಷ್ಟೋ ವರ್ಷವಾಯಿತು; ಅದರ ಕಹಳೆ ಯಾರ ಪಾಲಾಯಿತೋ ಯಾರಿಗೂ ನೆನಪಿಲ್ಲ. ಮನೆಯ ಯಜಮಾನರು ಒಮ್ಮೆ ಕಣ್ಣಾಡಿಸುತ್ತಾರೆ, ಗೃಹಿಣಿ “ಇನ್ನು ಇದನ್ನೇನು ಮಾಡುವುದು?” ಎನ್ನುತ್ತಾಳೆ. ಹಳೆಯ ಸಾಮಾನಿನವನು ಬಂದು, ತಕ್ಕಡಿಯಲ್ಲಿ ತೂಗಿ, ಹರಕು ಕೊಡೆ, ತುಕ್ಕು ಹಿಡಿದ ತಗಡುಗಳ ಜೊತೆಗೆ ಪೆಟ್ಟಿಗೆಯನ್ನು ತಳ್ಳುಗಾಡಿಗೆ ಹೇರಿಕೊಂಡು ಹೋಗುತ್ತಾನೆ. ಎರಡು ಬೀದಿ ದಾಟುವುದರೊಳಗೆ ಅರ್ಧ ತಟ್ಟೆಗಳು ಬಿರುಕು ಬಿಟ್ಟಿರುತ್ತವೆ.

ಆ ತಳ್ಳುಗಾಡಿಯನ್ನು ಹುಡುಕಿಕೊಂಡು ಹೋಗುವ ಜನವೂ ಲೋಕದಲ್ಲಿ ಉಂಟು. ಮುಂಬಯಿಯ ಚೋರ್ ಬಜಾರಿನಂತಹ ಸಂತೆಗಳಲ್ಲಿ ಬಗ್ಗಿ ಕುಳಿತು, ಧೂಳು ಒರೆಸಿ, ಒಂದೊಂದೇ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವವರು ಅವರು. ನೆರೆಹೊರೆಯವರಿಗೆ ಅವರು ಅರೆಮರುಳರಂತೆ ಕಂಡರೆ ಆಶ್ಚರ್ಯವಿಲ್ಲ. ಅವರ ಮಡದಿಯರ ಅಭಿಪ್ರಾಯವನ್ನು ಇಲ್ಲಿ ಕೇಳದಿರುವುದೇ ಲೇಸು. ಇಂತಹ ಸಮಾನವ್ಯಸನಿಗಳು ಕಲೆತು 1990ರಲ್ಲಿ ಮುಂಬಯಿಯಲ್ಲಿ ‘ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್’ ಎಂಬ ಸಂಘವನ್ನು ಕಟ್ಟಿದರು. ಆಸ್ಟ್ರೇಲಿಯದ ಮೈಕೇಲ್ ಕಿನಿಯರ್ ಅದರ ಸ್ಥಾಪಕರಲ್ಲೊಬ್ಬರು. ಭಾರತದ ಮೊದಮೊದಲ ರೆಕಾರ್ಡುಗಳ ಪಟ್ಟಿಯನ್ನು ಸಿದ್ಧಪಡಿಸಿ ಪುಸ್ತಕವಾಗಿ ಹೊರತಂದವರು ಅವರೇ. ಕಾರ್ಯದರ್ಶಿಯಾಗಿ ದುಡಿದ ಸುರೇಶ ಚಾಂದವಣಕರ್ ವೃತ್ತಿಯಿಂದ ವಿಜ್ಞಾನಿ. ಸಂಘವು ‘ದಿ ರೆಕಾರ್ಡ್ ನ್ಯೂಸ್’ ಎಂಬ ಪತ್ರಿಕೆಯನ್ನು ಹೊರಡಿಸಿತು. ಸದಸ್ಯರನ್ನು ಕಲೆಹಾಕಿ ಹಳೆಯ ತಟ್ಟೆಗಳನ್ನು ಕೇಳಿಸುವ ಕೂಟಗಳನ್ನು ನಡೆಸಿತು.

ಇಂತಹ ಕೂಟವೆಂದರೆ ಸಂಗೀತ ಕಚೇರಿಯಂತಲ್ಲ. ಕೀಲಿ ಕೊಟ್ಟು, ಹೊಸ ಮುಳ್ಳು ಹಾಕಿ, ತಟ್ಟೆಯ ಮೇಲೆ ಇಳಿಬಿಟ್ಟರೆ, ಮೊದಲು ಒಗ್ಗರಣೆ ಸಿಡಿದಂತಹ ಚಟಪಟ ಸದ್ದು. ಅದರ ಹಿಂದಿನಿಂದ, ದೂರದ ಬೀದಿಯಿಂದ ಬಂದಂತೆ, ಒಂದು ಕಂಠ. ಹತ್ತಂಗುಲದ ತಟ್ಟೆಯಾದರೆ ಮೂರು ಮೂರೂವರೆ ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ಕೂಟದ ನಿಜವಾದ ರಸ ತೊಡಗುವುದು ಅನಂತರ. ಇದು ಯಾವ ವರ್ಷದ್ದು? ಹಾರ್ಮೋನಿಯಂ ನುಡಿಸಿದವರಾರು? ಹಾಡಿದವಳು ಇವಳೋ ಅವಳೋ? ಭೂತಗನ್ನಡಿ ಹೊರಬೀಳುತ್ತದೆ. ತಟ್ಟೆಯ ನಡುವಿನ ಕಾಗದದ ಸುತ್ತ ನುಣುಪಾದ ಜಾಗದಲ್ಲಿ ಸಣ್ಣ ಅಂಕಿಗಳು ಕೊರೆದಿರುತ್ತವೆ. ಹಾಡನ್ನು ಮುದ್ರಿಸಿಕೊಂಡಾಗ ಕೊಟ್ಟ ಸಂಖ್ಯೆ ಅದು. ಬಲ್ಲವರು ಅದನ್ನು ಜಾತಕದಂತೆ ಓದುತ್ತಾರೆ.

ಹಳೆಯ ಹಾಡಿನ ಮೋಹವೆಂದು ಹೊರಗಿನವರು ನಗುವ ಈ ಗೀಳಿನ ಬೇರು ಇಲ್ಲಿದೆ: ಅದು ಹೆಸರುಗಳ ಹುಡುಕಾಟ. ಒಂದು ಕಾಲದಲ್ಲಿ ಸಿನಿಮಾ ಹಾಡಿನ ತಟ್ಟೆಯ ಮೇಲೆ ಹಾಡಿದವರ ಹೆಸರನ್ನು ಅಚ್ಚು ಹಾಕುವ ಪದ್ಧತಿಯೇ ಖಚಿತವಾಗಿರಲಿಲ್ಲ. 1949ರಲ್ಲಿ ‘ಮಹಲ್’ ಚಿತ್ರ ತೆರೆಕಂಡಾಗ, ಖೇಮಚಂದ್ ಪ್ರಕಾಶರು ರಾಗ ಹಾಕಿದ ಅದರ ಒಂದು ಹಾಡು ದೇಶವನ್ನೇ ಮರುಳುಗೊಳಿಸಿತು. ತಟ್ಟೆಯ ಮೇಲೆ ಗಾಯಕಿಯ ಹೆಸರಿರಬೇಕಾದ ಕಡೆ ‘ಕಾಮಿನಿ’ ಎಂದಿತ್ತು. ಕಾಮಿನಿ ಯಾರು? ಮಧುಬಾಲಾ ಅಭಿನಯಿಸಿದ ಪಾತ್ರದ ಹೆಸರು! ಹಾಡಿದವಳು ಯಾರೆಂದು ಕೇಳಿ ಶ್ರೋತೃಗಳು ಆಕಾಶವಾಣಿಗೆ ಕಾಗದಗಳ ಮಳೆಗರೆದರು. ಬಾನುಲಿಯವರು ಗ್ರಾಮಫೋನು ಕಂಪೆನಿಯಿಂದ ವಿಚಾರಿಸಿ ತಿಳಿದು ಹೆಸರನ್ನು ಸಾರಿದರು: ಲತಾ ಮಂಗೇಶಕರ್. ಆಗ ಆಕೆಗೆ ಇಪ್ಪತ್ತು ವರ್ಷ. ಕಾಗದ ಬರೆಯುವ ಪುರಸೊತ್ತು ಜನಕ್ಕೆ ಇಲ್ಲದಿದ್ದ ಹಾಡುಗಳೆಷ್ಟೋ? ಅವುಗಳ ಕಾಮಿನಿಯರು ಇಂದಿಗೂ ಕಾಮಿನಿಯರಾಗಿಯೇ ಉಳಿದಿದ್ದಾರೆ. ಬೀಳಗಿಯಿಂದ ಹೊರಟು ಮುಂಬಯಿಯ ಚಿತ್ರರಂಗ ಸೇರಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಮನೆಮಾತಾದ ಅಮೀರಬಾಯಿ ಕರ್ನಾಟಕಿ ಈ ಮಟ್ಟಿಗೆ ಜಾಣೆ. ತನ್ನ ಹೆಸರಿನೊಂದಿಗೆ ನಾಡಿನ ಹೆಸರನ್ನೂ ಕಟ್ಟಿಕೊಂಡೇ ಹೋದಳು.

ತಟ್ಟೆಯ ವಿಷಯಕ್ಕೂ ಒಂದು ಮಾತು. ನಿಮಿಷಕ್ಕೆ 78 ಸುತ್ತು ತಿರುಗುವ ಈ ಹಳೆಯ ರೆಕಾರ್ಡುಗಳ ಮುಖ್ಯ ದ್ರವ್ಯ ಅರಗು. ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳ ಮೇಲೆ ಒಂದು ಪುಟ್ಟ ಕೀಟ ಸ್ರವಿಸುವ ಅಂಟು ಅದು. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಒತ್ತಿದರೆ ತಟ್ಟೆ. ದುರ್ಯೋಧನನು ಪಾಂಡವರನ್ನು ಸುಡಲು ಹುಡುಕಿದ ವಸ್ತುವಿನಲ್ಲಿ ಮನುಷ್ಯನ ಕಂಠವನ್ನು ಕಾಪಾಡಬಹುದೆಂದು ಯಾರು ತಾನೇ ಊಹಿಸಿದ್ದರು! ಪ್ರಪಂಚಕ್ಕೆ ಬೇಕಾದ ಅರಗಿನ ಬಹುಪಾಲು ಹೋಗುತ್ತಿದ್ದುದು ನಮ್ಮ ದೇಶದಿಂದಲೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅರಗಿಗೆ ಅಭಾವ ಬಂದು, 1942ರಲ್ಲಿ ಅಮೆರಿಕದ ಸರ್ಕಾರ ರೆಕಾರ್ಡು ತಯಾರಿಕೆಗೆ ಅದನ್ನು ಬಳಸುವುದರ ಮೇಲೆ ಕಟ್ಟುನಿಟ್ಟಿನ ಮಿತಿ ಹೇರಿತು.

ಮುಂದೆ ಪ್ಲಾಸ್ಟಿಕ್ಕಿನ ತಟ್ಟೆಗಳು ಬಂದವು. 1960ರ ಸುಮಾರಿಗೆ ಇಂಗ್ಲೆಂಡು, ಅಮೆರಿಕಗಳಲ್ಲಿ 78ರ ಕತೆ ಮುಗಿಯಿತು. ನಮ್ಮಲ್ಲಿ ಮುಗಿಯಲಿಲ್ಲ. ವಿದ್ಯುತ್ತಿಲ್ಲದ ಊರುಗಳಲ್ಲಿ ಕೀಲಿ ಕೊಡುವ ಗ್ರಾಮಫೋನುಗಳು ಇನ್ನೂ ಹಾಡುತ್ತಿದ್ದುವಲ್ಲ! ಇದರಿಂದ ಒಂದು ವಿನೋದ ನಡೆಯಿತು. ಬೀಟಲ್ಸ್ ಎಂಬ ನಾಲ್ವರು ತರುಣರು ಲೋಕವನ್ನೇ ಕುಣಿಸುತ್ತಿದ್ದ ಕಾಲ. ಅವರ ಹಾಡುಗಳು ಸ್ವದೇಶದಲ್ಲಿ ಹೊಸ ಬಗೆಯ ತಟ್ಟೆಗಳಲ್ಲಿ ಹೊರಟರೆ, ಭಾರತದಲ್ಲಿ ಮಾತ್ರ 78ರ ತಟ್ಟೆಗಳಲ್ಲಿಯೂ ಅಚ್ಚಾದವು. ತಾತನ ಗ್ರಾಮಫೋನಿನ ಮೇಲೆ ಮೊಮ್ಮಗನ ಪಾಪ್ ಸಂಗೀತ! ಅಂದು ಅವುಗಳನ್ನು ಕೊಂಡವರು ಅಧಿಕವಿಲ್ಲ. ಕೊಂಡವರ ಮನೆಯಲ್ಲಿ ಒಡೆಯದೆ ಉಳಿದವು ಇನ್ನೂ ಕಡಿಮೆ. ಇಂದು ಆ ಭಾರತೀಯ ತಟ್ಟೆಗಳಿಗಾಗಿ ವಿಲಾಯತಿಯ ಸಂಗ್ರಾಹಕರು ದೊಡ್ಡ ಮೊತ್ತ ತೆರುತ್ತಾರೆ. ಅಟ್ಟದ ಪೆಟ್ಟಿಗೆಯನ್ನು ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡುವುದರಿಂದ ನಷ್ಟವೇನೂ ಇಲ್ಲ.

ನೋಡುವವರು ಒಂದೆರಡು ಸಂಗತಿ ತಿಳಿದಿರಬೇಕು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಹೊಳಪು ಬರಲೆಂದು ಸ್ಪಿರಿಟ್ ಹಚ್ಚಿ ಉಜ್ಜಿದರೆ ಹಾಡೂ ಅಳಿಸಿಹೋಗುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನಿಲ್ಲಿಸಿಡಬೇಕು. ಉಕ್ಕಿನ ಮುಳ್ಳು ಒಂದು ಮಗ್ಗುಲಿಗೆ ಒಂದು. ಜಿಪುಣತನ ಮಾಡಿದರೆ ಸವೆದ ಮುಳ್ಳು ತಟ್ಟೆಯನ್ನೇ ತಿನ್ನುತ್ತದೆ.

ಸಂಗ್ರಾಹಕರ ಚಿಂತೆ ಬೇರೊಂದಿದೆ. ತಾವು ಕಣ್ಮುಚ್ಚಿದ ಮೇಲೆ ಇವುಗಳ ಗತಿಯೇನು? ನಲವತ್ತು ವರ್ಷ ಬೆವರು ಸುರಿಸಿ ಕೂಡಿಸಿದ ಭಂಡಾರ ಮಕ್ಕಳಿಗೆ ಬರಿಯ ಭಾರ. ಮತ್ತೆ ತಕ್ಕಡಿ, ಮತ್ತೆ ತಳ್ಳುಗಾಡಿ. ಮೂಲದ ಅಚ್ಚುಗಳೆಲ್ಲ ಕಂಪೆನಿಗಳ ಬಳಿಯಲ್ಲಿಯೂ ಉಳಿದಿಲ್ಲವಾದ್ದರಿಂದ, ಕೆಲವು ಹಾಡುಗಳಿಗೆ ಲೋಕದಲ್ಲಿ ಉಳಿದಿರುವ ಸಾಕ್ಷಿ ಯಾರದೋ ಮನೆಯ ಒಂದೇ ಒಂದು ತಟ್ಟೆ. ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಅವರು ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಎಂಬ ಸಂಸ್ಥೆಯನ್ನು ತೆರೆದು, ಇಂತಹ ತಟ್ಟೆಗಳ ಧ್ವನಿಯನ್ನು ಗಣಕಯಂತ್ರಕ್ಕೆ ಇಳಿಸಿ, ಯಾರು ಬೇಕಾದರೂ ಕೇಳುವಂತೆ ಮಾಡಿದುದು ಈ ದೃಷ್ಟಿಯಿಂದ ದೊಡ್ಡ ಉಪಕಾರ.

ಅವರನ್ನು ಈ ದಾರಿಗೆ ಎಳೆದವಳು ಗೌಹರ್ ಜಾನ್. ಒಡೆಯರ ಚರಿತ್ರೆಯನ್ನು ಬರೆಯಲು ಮೈಸೂರು ಅರಮನೆಯ ಕಡತಗಳನ್ನು ಮಗುಚುತ್ತಿದ್ದಾಗ ಆಕೆಗೆ ಸಂಬಂಧಿಸಿದ ಕಾಗದಪತ್ರಗಳು ಅವರ ಕಣ್ಣಿಗೆ ಬಿದ್ದುವು. ಕಲ್ಕತ್ತೆಯ ರಸಿಕರನ್ನು ಆಳಿದ ಆಕೆ ಆಸ್ತಿಯನ್ನೆಲ್ಲ ಕಳೆದುಕೊಂಡು, 1928ರಲ್ಲಿ ತಿಂಗಳಿಗೆ 500 ರೂಪಾಯಿ ಸಂಬಳದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದಳು. 1930ರ ಜನವರಿ 17ರಂದು ಮೈಸೂರಿನಲ್ಲಿಯೇ ತೀರಿಕೊಂಡಳು.

1902ರ ನವೆಂಬರಿನಲ್ಲಿ ಕಲ್ಕತ್ತೆಯ ಒಂದು ಹೋಟೆಲಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಆಕೆಯ ಹಾಡನ್ನು ಮುದ್ರಿಸಿಕೊಂಡಿದ್ದ. ಆಗ ಮೈಕು ಇಲ್ಲ. ಕಹಳೆಯೊಳಕ್ಕೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ! ಅದಕ್ಕಾಗಿ ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರು ಗೌಹರ್ ಜಾನ್ ಎಂದು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾಳೆ. ಮೊದಲ ಸಲ ಕೇಳುವ ಮಕ್ಕಳು ಕಿಲಕಿಲನೆ ನಗುತ್ತಾರೆ. ಇನ್ನೊಮ್ಮೆ ಹಾಕಿರೆಂದು ದುಂಬಾಲು ಬೀಳುತ್ತಾರೆ. ಹಾಕುವವರು ಮುಳ್ಳನ್ನು ಬದಲಿಸಿ ಮತ್ತೆ ಮೊದಲಿನಿಂದ ಹಾಕಬೇಕಷ್ಟೆ; ಆ ಕಾಲದ ತಟ್ಟೆಗಳಿಗೆ ಒಂದೇ ಮಗ್ಗುಲು, ಮಗುಚಿದರೆ ಹಿಂಬದಿಯಲ್ಲಿ ಹಾಡಿಲ್ಲ.