ಎರಡು, ಎಂಟು, ಆಮೇಲೆ ಹತ್ತೇ?

ಒಂಬತ್ತನೇ ತರಗತಿಯ ಹುಡುಗನೊಬ್ಬ ಕಿರುಪರೀಕ್ಷೆಯಲ್ಲಿ ಕ್ಯಾಲ್ಸಿಯಂನ ಎಲೆಕ್ಟ್ರಾನ್ ವಿನ್ಯಾಸವನ್ನು 2, 8, 10 ಎಂದು ಬರೆದಿದ್ದ. ನಾನು ಕೆಂಪು ಗೆರೆ ಎಳೆದು 2, 8, 8, 2 ಎಂದು ತಿದ್ದಿದೆ. ಮರುದಿನ ಉತ್ತರಪತ್ರಿಕೆ ಹಿಡಿದು ಅವನ ತಂದೆಯೇ ಬಂದರು. ಹದಡಿಯ ರೈತರು. "ಮೇಷ್ಟ್ರೇ, ಮೂರನೇ ಕವಚದಾಗೆ 18 ಹಿಡಿಸ್ತಾವೆ ಅಂತ ನೀವೇ ಹೇಳೀರಂತೆ. 10 ಬರೆದ್ರೆ ತಪ್ಪು ಹೆಂಗಾತು?" ಎಂದರು. "ಪರೀಕ್ಷೆಗೆ ಹಾಗೇ ಬರೀಬೇಕು" ಎಂದು ಹೇಳಿ ಕಳಿಸಿಬಿಟ್ಟೆ. ಆ ಉತ್ತರ ನನಗೇ ಸಮಾಧಾನ ತರಲಿಲ್ಲ. ಹುಡುಗ ತಪ್ಪು ಬರೆದಿದ್ದರೂ ಯೋಚಿಸಿ ಬರೆದಿದ್ದ. ಸರಿ ಬರೆದವರಲ್ಲಿ ಹೆಚ್ಚಿನವರದು ಬಾಯಿಪಾಠ.

ಕವಚದ ಸಂಖ್ಯೆಯನ್ನು ವರ್ಗ ಮಾಡಿ ಎರಡರಿಂದ ಗುಣಿಸಿದರೆ 2, 8, 18, 32 ಬರುತ್ತದೆ, ನಿಜ. ಅದು ಕವಚದಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ ಮಾತ್ರ. ಒಂದು ಪೂರ್ತಿ ತುಂಬಿದ ಮೇಲೇ ಮುಂದಿನದಕ್ಕೆ ಹೋಗಬೇಕೆಂದು ಆ ಸೂತ್ರ ಎಲ್ಲಿಯೂ ಹೇಳುವುದಿಲ್ಲ. ಮೂರನೇ ಕವಚದೊಳಗೆ ಮೂರು ಉಪಕವಚಗಳಿವೆ: ಎಸ್‌ನಲ್ಲಿ 2, ಪಿಯಲ್ಲಿ 6, ಡಿಯಲ್ಲಿ 10. ನಮ್ಮ ಕಡೆಯ ಹಳೆಯ ಮನೆಗಳನ್ನು ನೆನೆಯಿರಿ. ಪಡಸಾಲೆಯಲ್ಲಿ 8 ಜನ ಮಲಗಿದ್ದಾರೆ. ಅಟ್ಟದಲ್ಲಿ ಇನ್ನೂ 10 ಜನಕ್ಕೆ ಜಾಗವಿದೆ. ಆದರೆ ಏಣಿ ಹತ್ತುವುದಕ್ಕಿಂತ, ಇಬ್ಬರಿಗಷ್ಟೇ ಸಾಲುವ ಪಕ್ಕದ ಮನೆಯ ಜಗಲಿಯೇ ಸುಲಭ. ಮೂರನೇ ಕವಚದ ಡಿ ಆ ಅಟ್ಟ, ನಾಲ್ಕನೆಯದರ ಎಸ್ ಆ ಜಗಲಿ. ಪೊಟ್ಯಾಸಿಯಂ, ಕ್ಯಾಲ್ಸಿಯಂಗಳಲ್ಲಿ ಜಗಲಿಯ ಶಕ್ತಿಮಟ್ಟವೇ ಕೆಳಗೆ. ಆದ್ದರಿಂದ 19 ಮತ್ತು 20ನೇ ಎಲೆಕ್ಟ್ರಾನ್‌ಗಳು ಅಲ್ಲಿಗೆ ಹೋಗುತ್ತವೆ. 21ನೇ ಧಾತು ಸ್ಕ್ಯಾಂಡಿಯಂನಿಂದ ಅಟ್ಟ ತುಂಬತೊಡಗುತ್ತದೆ: 2, 8, 9, 2. ಸತುವಿಗೆ ಬರುವ ಹೊತ್ತಿಗೆ 2, 8, 18, 2. ಹುಡುಗ ಹೇಳಿದ ಹದಿನೆಂಟು ಅಲ್ಲಿ ಸಿಕ್ಕಿತು!

ಸಾಕ್ಷಿ ಬೇಕಲ್ಲವೇ? ಒಂದು ಮೋಲ್ ಕ್ಯಾಲ್ಸಿಯಂ ಪರಮಾಣುಗಳಿಂದ ಮೊದಲ ಎಲೆಕ್ಟ್ರಾನ್ ಕೀಳಲು ಸುಮಾರು 590 ಕಿಲೋಜೌಲ್ ಶಕ್ತಿ ಬೇಕು. ಎರಡನೆಯದಕ್ಕೆ 1145, ಮೂರನೆಯದಕ್ಕೆ ಒಮ್ಮೆಲೇ 4912. ಎರಡು ಎಲೆಕ್ಟ್ರಾನ್‌ಗಳು ಉಳಿದವುಗಳಿಂದ ದೂರ, ಸಡಿಲವಾಗಿ ನಿಂತಿವೆ ಎಂದಾಯಿತು.

ಆ ಎರಡನ್ನು ಆಕ್ಸಿಜನ್‌ಗೆ ಕೊಟ್ಟಾಗ ಆಗುವುದೇ ಸುಟ್ಟ ಸುಣ್ಣ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ. 56 ಗ್ರಾಂ ಸುಣ್ಣ 18 ಗ್ರಾಂ ನೀರು ಕುಡಿದು 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. (ತಾಯಂದಿರೇ, ಮಕ್ಕಳನ್ನು ದೂರವಿಡಿ, ಕಣ್ಣಿಗೆ ಸಿಡಿದರೆ ತಕ್ಷಣ ಧಾರಾಳವಾಗಿ ನೀರಿನಲ್ಲಿ ತೊಳೆದು ವೈದ್ಯರ ಬಳಿ ಓಡಿ.) ಈ ಕುದಿತದಲ್ಲಿ ಎಲೆಕ್ಟ್ರಾನ್ ಕೊಡುಕೊಳ್ಳುವಿಕೆ ನಡೆಯುತ್ತದೆಂದು ಅನೇಕರು ಬರೆಯುತ್ತಾರೆ. ಇಲ್ಲ, ಕ್ಯಾಲ್ಸಿಯಂ ಆಗಲೇ ಕೊಟ್ಟು ಮುಗಿಸಿದೆ. ಗೋಡೆಗೆ ಬಳಿದ ಮೇಲೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಮತ್ತೆ ಸುಣ್ಣದ ಕಲ್ಲಿನ ವಸ್ತುವೇ ಆದಾಗಲೂ ಅದು ಹಾಗೆಯೇ ಇರುತ್ತದೆ.

ವಾರದ ನಂತರ ಆ ತಂದೆ ನಾಲೆಯ ಏರಿಯ ಮೇಲೆ ಸಿಕ್ಕರು. ಅಟ್ಟ, ಜಗಲಿಯ ಲೆಕ್ಕವನ್ನು ನಿಂತಲ್ಲೇ ಹೇಳಿದೆ. "ಹಂಗಾದ್ರೆ ಹುಡುಗನಿಗೆ ಅರ್ಧ ಮಾರ್ಕ್ಸಾದ್ರೂ ಕೊಡ್ರಿ" ಎಂದರು.

ಕೊಟ್ಟೆ.