ತಪ್ಪಿಲ್ಲದ ಅಪಘಾತವನ್ನು ಮುಚ್ಚಿಡಬೇಕೆ?

ಲಾರಿ ಚಾಲನೆಯನ್ನೇ ಕಾಯಕವಾಗಿ ಕೈಗೊಂಡವರು ನಮ್ಮ ಓದುಗರ ಮನೆಗಳಲ್ಲಿ ಅನೇಕರಿದ್ದಾರೆ. ಲಾರಿಗಳ ಒಡೆತನ ಹೊಂದಿದವರೂ ಇದ್ದಾರೆ. ಈ ಎರಡೂ ಕಡೆಯವರಿಗೆ ಸಂಬಂಧಿಸಿದ ಪ್ರಶ್ನೆಯೊಂದನ್ನು ಈ ತಿಂಗಳು ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಅಪಘಾತವೊಂದು ನಡೆದಿದೆ, ಅದರಲ್ಲಿ ಚಾಲಕನ ತಪ್ಪಿಲ್ಲ. ಮುಂದೆ ಅವನು ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕುವಾಗ ಆ ಸಂಗತಿಯನ್ನು ತಿಳಿಸಬೇಕೆ, ಬೇಡವೆ? "ತಪ್ಪೇ ಇಲ್ಲದ ಮೇಲೆ ಹೇಳುವುದೇಕೆ? ಹೇಳಿದರೆ ಬಂದ ಕೆಲಸವೂ ಕೈತಪ್ಪೀತು" ಎಂದು ಮನೆಯ ಹಿರಿಯರೇ ಬುದ್ಧಿ ಹೇಳುವುದುಂಟು. ಈ ಮಾತಿನ ಹಿಂದಿರುವುದು ಕಪಟವಲ್ಲ, ಹೊಟ್ಟೆಪಾಡಿನ ಭಯ. ಆದರೆ ಆ ಭಯವು ತೋರಿಸುವ ದಾರಿ ಸುರಕ್ಷಿತವಾದುದೇ ಎಂಬುದನ್ನು ನೋಡಬೇಕು.

ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಹಾವೇರಿಯ ಸಮೀಪ ಹೆದ್ದಾರಿಯ ಬದಿಯಲ್ಲಿ ದೀಪ ಹಾಕಿ ಸರಿಯಾಗಿ ನಿಲ್ಲಿಸಿದ ಲಾರಿಗೆ ಹಿಂದಿನಿಂದ ಮೋಟಾರ್ ಸೈಕಲ್ ಬಂದು ಬಡಿಯುತ್ತದೆ. ಸವಾರನ ಕಾಲು ಮುರಿಯುತ್ತದೆ. ಜನ ಸೇರುತ್ತಾರೆ, ಠಾಣೆಯಲ್ಲಿ ದೂರು ದಾಖಲಾಗುತ್ತದೆ. ದೊಡ್ಡ ವಾಹನದ ಚಾಲಕನ ಹೆಸರೇ ಮೊದಲು ದೂರಿನಲ್ಲಿ ಬರುವುದು ನಮ್ಮಲ್ಲಿ ಅಪರೂಪವಲ್ಲ. ತನಿಖೆ ಮುಗಿದು ಚಾಲಕನ ತಪ್ಪಿಲ್ಲವೆಂದು ಪೊಲೀಸರು 'ಬಿ' ವರದಿ ಸಲ್ಲಿಸಬಹುದು. ಇಲ್ಲವೆ ಮೊಕದ್ದಮೆ ನಡೆದು ನ್ಯಾಯಾಲಯದಲ್ಲಿ ಖುಲಾಸೆಯಾಗಬಹುದು. ಅಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ. ಮನೆಯ ಸಂಸಾರ ಕಾಯುವುದಿಲ್ಲ, ಬೇರೆ ಕೆಲಸ ಹುಡುಕಲೇಬೇಕು.

ಇಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಅಪಘಾತದಲ್ಲಿ ಭಾಗಿಯಾದದ್ದು ಒಂದು. ಮೊಕದ್ದಮೆ ದಾಖಲಾದದ್ದು ಇನ್ನೊಂದು. ತಪ್ಪು ಸಾಬೀತಾದದ್ದು ಮತ್ತೊಂದು. ವಿಮಾ ಕಂಪನಿಯು ಪರಿಹಾರ ಕೊಟ್ಟಿತೆಂದ ಮಾತ್ರಕ್ಕೆ ಚಾಲಕ ತಪ್ಪಿತಸ್ಥನಾದನೆಂದು ಭಾವಿಸುವವರಿದ್ದಾರೆ. ಅದು ಸರಿಯಲ್ಲ. ಮೋಟಾರು ವಾಹನ ಕಾಯಿದೆಯ 164ನೆಯ ಕಲಮಿನಂತೆ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪರಿಹಾರವನ್ನು ಯಾರ ತಪ್ಪನ್ನೂ ಸಾಬೀತುಪಡಿಸದೆಯೇ ಕೇಳಬಹುದು. ಆದುದರಿಂದ "ತಪ್ಪಿಲ್ಲ" ಎನ್ನುವವನು "ಅಪಘಾತವೇ ಇಲ್ಲ" ಎನ್ನಬೇಕಾಗಿಲ್ಲ. ಮೊದಲನೆಯದು ನಿಜ, ಎರಡನೆಯದು ಸುಳ್ಳು. ನಿಜವನ್ನು ಹೇಳಲು ಹೊರಟು ಸುಳ್ಳಿನ ಆಸರೆ ಪಡೆದರೆ ನಿಜವೂ ನಂಬಿಕೆ ಕಳೆದುಕೊಳ್ಳುತ್ತದೆ.

ಸರ್ಕಾರಿ ನೌಕರಿಯ ವಿಷಯದಲ್ಲಿ ಇದನ್ನು ಸರ್ವೋಚ್ಚ ನ್ಯಾಯಾಲಯವು ಅವತಾರ್ ಸಿಂಗ್ ಪ್ರಕರಣದಲ್ಲಿ, 2016ರ ಜುಲೈ 21ರಂದು ವಿವರವಾಗಿ ವಿವೇಚಿಸಿದೆ. ಶಿಕ್ಷೆ, ಬಿಡುಗಡೆ, ಬಂಧನ, ನಡೆಯುತ್ತಿರುವ ಮೊಕದ್ದಮೆ, ಇವುಗಳ ಬಗ್ಗೆ ಅಭ್ಯರ್ಥಿ ಕೊಡುವ ಮಾಹಿತಿ ಸತ್ಯವಾಗಿರಬೇಕು, ಮುಚ್ಚಿಡಬಾರದು. ಕ್ಷುಲ್ಲಕ ಪ್ರಕರಣವನ್ನು ಹೇಳದೆ ಬಿಟ್ಟಿದ್ದರೆ ಉದ್ಯೋಗದಾತನು ಅದನ್ನು ಮನ್ನಿಸಬಹುದು. ಸತ್ಯ ಹೇಳಿದವನನ್ನು ನೇಮಿಸಲೇಬೇಕೆಂಬ ಕಡ್ಡಾಯವಿಲ್ಲ ಎಂಬುದನ್ನೂ ನ್ಯಾಯಾಲಯ ಮರೆಮಾಚಿಲ್ಲ. ಮುಖ್ಯವಾದ ಇನ್ನೊಂದು ಮಾತೂ ಅಲ್ಲಿದೆ: ಅರ್ಜಿಯಲ್ಲಿ ಕೇಳುವ ಪ್ರಶ್ನೆ ಸ್ಪಷ್ಟವಾಗಿರಬೇಕು, ನಿರ್ದಿಷ್ಟವಾಗಿ ಕೇಳಿದ್ದಕ್ಕೆ ಮಾತ್ರ ಉತ್ತರಿಸುವ ಹೊಣೆ ಅಭ್ಯರ್ಥಿಯದು. ಖಾಸಗಿ ಟ್ರಾನ್ಸ್‌ಪೋರ್ಟ್ ಕಂಪನಿಗಳಿಗೆ ಈ ತೀರ್ಪು ನೇರವಾಗಿ ಅನ್ವಯಿಸದಿದ್ದರೂ ಅದರ ವಿವೇಕ ಎಲ್ಲರಿಗೂ ಸಲ್ಲುತ್ತದೆ. "ಶಿಕ್ಷೆಯಾಗಿದೆಯೆ?" ಎಂದು ಕೇಳಿದರೆ, ಆಗಿರದಿದ್ದಲ್ಲಿ, "ಇಲ್ಲ" ಎಂಬುದೇ ಸತ್ಯ. "ಮೊಕದ್ದಮೆ ಇದೆಯೆ?" ಎಂದು ಕೇಳಿದರೆ ಇದ್ದದ್ದನ್ನು ಬರೆಯಬೇಕು. "ಅಪಘಾತವಾಗಿತ್ತೆ?" ಎಂದು ಕೇಳಿದರೆ "ಹೌದು" ಎಂದು ಬರೆದು, ಕೂಡಲೇ ವಿವರವನ್ನೂ ಬರೆಯಬೇಕು.

ಮುಚ್ಚಿಟ್ಟದ್ದು ಈಗ ಬಹುಕಾಲ ಮುಚ್ಚಿರುವುದೂ ಇಲ್ಲ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಗಳೊಳಗೆ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿಯೇ ಆದೇಶಿಸಿದೆ. ಜಿಲ್ಲಾ ನ್ಯಾಯಾಲಯಗಳ ಮೊಕದ್ದಮೆಗಳನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರಿನಿಂದಲೇ ಹುಡುಕಬಹುದು. ಕೆಲಸಕ್ಕೆ ಸೇರಿ ಆರು ತಿಂಗಳಾದ ಮೇಲೆ ಸಂಗತಿ ಹೊರಬಿದ್ದರೆ ಮಾಲೀಕನು ಅಪಘಾತದ ಬಗ್ಗೆ ವಿಚಾರಿಸುವುದಿಲ್ಲ, "ಏಕೆ ಮುಚ್ಚಿಟ್ಟೆ?" ಎಂದೇ ಕೇಳುತ್ತಾನೆ. ತಪ್ಪಿಲ್ಲದ ಅಪಘಾತಕ್ಕೆ ಉತ್ತರವಿತ್ತು. ಈ ಪ್ರಶ್ನೆಗೆ ಉತ್ತರವಿರುವುದಿಲ್ಲ.

ದೊಡ್ಡ ಟ್ರಕ್ಕುಗಳ ಸಾಗಾಣಿಕೆ ವಿಪುಲವಾಗಿರುವ ಅಮೆರಿಕದಲ್ಲಿ ಈ ವಿಷಯಕ್ಕೆ ಲಿಖಿತ ನಿಯಮವೇ ಇದೆ. ರಾಜ್ಯಗಳ ನಡುವೆ ಸಂಚರಿಸುವ ಟ್ರಕ್ಕಿನ ಚಾಲಕನು ಅರ್ಜಿಯಲ್ಲಿ ಹಿಂದಿನ 3 ವರ್ಷಗಳಲ್ಲಿ ತಾನು ಭಾಗಿಯಾದ ಎಲ್ಲ ವಾಹನ ಅಪಘಾತಗಳನ್ನೂ ದಿನಾಂಕ ಸಹಿತ ಬರೆದು, ಬರೆದದ್ದೆಲ್ಲ ಸತ್ಯವೆಂದು ಸಹಿ ಮಾಡಬೇಕು. ತಪ್ಪು ಯಾರದೆಂಬುದು ಪಟ್ಟಿಯಿಂದ ಬಿಡಲು ಕಾರಣವಾಗದು. ಹೊಸ ಕಂಪನಿಯು ಹಿಂದಿನ ಮಾಲೀಕರನ್ನೂ ವಿಚಾರಿಸಬೇಕು. ಅವರು ಕೊಟ್ಟ ಮಾಹಿತಿಯನ್ನು ನೋಡಿ ಪ್ರತಿಹೇಳಿಕೆ ನೀಡುವ ಹಕ್ಕು ಚಾಲಕನಿಗಿದೆ. 2020ರಿಂದ, ನಿಂತ ಟ್ರಕ್ಕಿಗೆ ಇನ್ನೊಬ್ಬರು ಬಂದು ಬಡಿದಂಥ ಕೆಲವು ಬಗೆಯ ಅಪಘಾತಗಳನ್ನು ಸರ್ಕಾರಿ ಸಂಸ್ಥೆಯಿಂದಲೇ ಪರಿಶೀಲಿಸಿ, "ತಪ್ಪಿಸಲಾಗದ್ದು" ಎಂದು ದಾಖಲೆಯಲ್ಲಿ ನಮೂದಿಸುವ ವ್ಯವಸ್ಥೆಯೂ ಇದೆ. ಎಲ್ಲವನ್ನೂ ಹೇಳು ಎಂದು ಕೇಳುವುದರ ಜೊತೆಗೆ ಹೇಳಿದವನಿಗೆ ರಕ್ಷಣೆಯನ್ನೂ ಒದಗಿಸಿರುವುದು ಅಲ್ಲಿ ಗಮನಿಸಬೇಕಾದ ಅಂಶ.

ನಮ್ಮಲ್ಲಿ ಆ ರಕ್ಷಣೆಯನ್ನು ಚಾಲಕನು ತಾನೇ ಕಾಗದಪತ್ರಗಳಿಂದ ಕಟ್ಟಿಕೊಳ್ಳಬೇಕು. ಅದು ಅಪಘಾತದ ದಿನವೇ ಆರಂಭವಾಗುತ್ತದೆ. ಗಾಯಾಳುವಿಗೆ ಚಿಕಿತ್ಸೆ ದೊರಕಿಸಲು ಯತ್ನಿಸುವುದು, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಗಳೊಳಗೆ, ಹತ್ತಿರದ ಠಾಣೆಗೆ ವರದಿ ಮಾಡುವುದು, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು, ಇವು 134ನೆಯ ಕಲಮಿನಂತೆ ಚಾಲಕನ ಕರ್ತವ್ಯಗಳು. ಜನರ ರೋಷದಿಂದ ಗಾಯಾಳುವಿಗೆ ನೆರವಾಗಲು ಸಾಧ್ಯವಾಗದ ಸಂದರ್ಭಕ್ಕೆ ಕಾಯಿದೆಯೇ ವಿನಾಯಿತಿ ಕೊಟ್ಟಿದೆ. ಆದರೆ ಠಾಣೆಗೆ ಹೋಗಿ ಹೇಳಲೇಬೇಕು. ಓಡಿಹೋದವನ ನಿರಪರಾಧಿತ್ವವನ್ನು ಆಮೇಲೆ ನಂಬುವವರು ಕಡಿಮೆ. ಎಫ್‌ಐಆರ್, ಸ್ಥಳ ಪಂಚನಾಮೆ, ಮೋಟಾರು ವಾಹನ ನಿರೀಕ್ಷಕರ ವರದಿ, ಕೊನೆಯಲ್ಲಿ ಬಂದ 'ಬಿ' ವರದಿ ಅಥವಾ ತೀರ್ಪು, ಇವುಗಳ ದೃಢೀಕೃತ ನಕಲುಗಳನ್ನು ಪಡೆದು ಲೈಸೆನ್ಸಿನ ಜೊತೆಗೇ ಮನೆಯಲ್ಲಿ ಜೋಪಾನವಾಗಿಡಬೇಕು.

ಅರ್ಜಿಯಲ್ಲಿ ಬರೆಯುವಾಗ ದೀರ್ಘ ಸಮರ್ಥನೆ ಬೇಡ. ದಿನಾಂಕ, ಸ್ಥಳ, ನಡೆದ ರೀತಿ, ಆದ ಗಾಯ, ಮೊಕದ್ದಮೆಯ ಸಂಖ್ಯೆ, ಅದರ ಈಗಿನ ಸ್ಥಿತಿ, ಇಷ್ಟನ್ನು ನಾಲ್ಕೈದು ಸಾಲುಗಳಲ್ಲಿ ಬರೆದು ನಕಲು ಲಗತ್ತಿಸಿದರೆ ಸಾಕು. ಇನ್ನೊಬ್ಬರನ್ನು ಹಳಿಯುವುದು ಬೇಡ. ಮೊಕದ್ದಮೆ ಇನ್ನೂ ನಡೆಯುತ್ತಿದ್ದರೆ, ಬರೆಯುವ ಮೊದಲು ತಮ್ಮ ವಕೀಲರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಇನ್ನು ಲಾರಿ ಮಾಲೀಕರಾದ ಬಂಧುಗಳಿಗೆ ಒಂದು ಮಾತು. ಚಾಲಕರು ಮುಚ್ಚಿಡಲು ಕಲಿತದ್ದಕ್ಕೆ ನಮ್ಮ ಮಾಲೀಕರೂ ಸ್ವಲ್ಪಮಟ್ಟಿಗೆ ಹೊಣೆ. "ಆಕ್ಸಿಡೆಂಟ್" ಎಂಬ ಶಬ್ದ ಕೇಳಿದೊಡನೆ ಅರ್ಜಿಯನ್ನು ಬದಿಗೆ ಸರಿಸಿದರೆ, ಮುಂದೆ ಬರುವವರೆಲ್ಲ "ಏನೂ ಆಗಿಲ್ಲ ಸಾಹುಕಾರರೇ" ಎಂದೇ ಹೇಳುತ್ತಾರೆ. ಆಗ ತಪ್ಪು ಮಾಡಿದವನನ್ನೂ ಮಾಡದವನನ್ನೂ ಬೇರ್ಪಡಿಸುವ ಬಗೆ ಯಾವುದು? ಕಾಗದ ತರಿಸಿ ನೋಡಿರಿ; ನಿಂತ ಗಾಡಿಗೆ ಬಡಿದದ್ದೋ, ನಿದ್ದೆಗಣ್ಣಿನಲ್ಲಿ ಓಡಿಸಿದ್ದೋ ವಿಚಾರಿಸಿರಿ; ಆಮೇಲೆ ತೀರ್ಮಾನಿಸಿರಿ. ಅಪಘಾತದ ನಂತರ ಓಡದೆ ನಿಂತು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನು ನಿಮ್ಮ ಲಕ್ಷಾಂತರ ರೂಪಾಯಿಯ ಸರಕಿಗೂ ನಂಬಿಗಸ್ತನೇ ಆಗಿರುತ್ತಾನೆ.

ಸತ್ಯ ಹೇಳಿದ್ದರಿಂದ ಒಂದು ಕೆಲಸ ತಪ್ಪಿಹೋಗಬಹುದು. ಆ ನಷ್ಟ ಚಿಕ್ಕದೆಂದು ನಾವು ಹೇಳಲಾರೆವು. ತಿಂಗಳ ಸಂಬಳವನ್ನೇ ನಂಬಿದ ಮನೆಗೆ ಅದು ದೊಡ್ಡದು. ಅಂಥ ಹೊತ್ತಿನಲ್ಲಿ "ನೀನೇಕೆ ಹೇಳಿದೆ?" ಎಂದು ಮನೆಯವರು ಅವನನ್ನು ನೋಯಿಸದಿರಲಿ. ಬಳಗದಲ್ಲಿ ಲಾರಿ ಮಾಲೀಕರಿದ್ದರೆ ಅವರಲ್ಲಿಗೆ ಅವನನ್ನು, ಅವನ ಕಾಗದಪತ್ರಗಳ ಸಹಿತ, ಹಿರಿಯರೇ ಕರೆದುಕೊಂಡು ಹೋಗಿ ಪರಿಚಯಿಸಲಿ ಎಂಬುದು ನಮ್ಮ ವಿನಂತಿ.