ಸೊಂಟನೋವಿಗೆಲ್ಲ ಒಂದೇ ಮದ್ದೇ?

ಮುಂಗಾರು ಹಿಡಿದು, ಆಲೂಗೆಡ್ಡೆಯ ಬಿತ್ತನೆ ಮುಗಿಯುವ ಹೊತ್ತಿಗೆ ಹಾಸನದ ಸೀಮೆಯಲ್ಲಿ ಬೆಳೆಯ ಜೊತೆಗೆ ಸೊಂಟನೋವೂ ತಲೆಯೆತ್ತುತ್ತದೆ. ಹೊಳೆನರಸೀಪುರದ ಗದ್ದೆಯಲ್ಲಿ ನಾಟಿ ಹಾಕುವವರು, ಅರಕಲಗೂಡಿನ ಹೊಗೆಸೊಪ್ಪಿನ ಹೊಲದಲ್ಲಿ ಎಲೆ ಮುರಿಯುವವರು, ಚನ್ನರಾಯಪಟ್ಟಣದ ತೋಟಗಳಲ್ಲಿ ತೆಂಗಿನಕಾಯಿಯ ಮೂಟೆ ಹೊರುವವರು, ಇವರೆಲ್ಲರ ದುಡಿಮೆಯೂ ಬಾಗಿದ ಬೆನ್ನಿನ ಮೇಲೆಯೇ ನಿಂತಿದೆ. ಸೊಂಟ ಹಿಡಿದುಕೊಂಡಿತೆಂದರೆ ಮೊದಲು ಹರಳೆಣ್ಣೆ ಹಚ್ಚಿ ಬಿಸಿನೀರು ಹುಯ್ಯಿಸಿಕೊಳ್ಳುವುದು, ಅದಕ್ಕೂ ಬಗ್ಗದಿದ್ದರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಅವರ ಪಾದವನ್ನು ಸೊಂಟಕ್ಕೆ ಸೋಕಿಸಿಕೊಳ್ಳುವುದು, ಕಡೆಗೆ ವೈದ್ಯರ ಬಾಗಿಲು ತಟ್ಟುವುದು, ಇದು ಹಳ್ಳಿಗಳಲ್ಲಿ ನಡೆದುಬಂದಿರುವ ಕ್ರಮ. ವೈದ್ಯರಲ್ಲಿಗೆ ಹೋದವರಿಗೆ ಸಾಮಾನ್ಯವಾಗಿ ದೊರೆಯುವುದೂ ಒಂದೇ ಬಗೆಯ ಉಪಚಾರ: ಒಂದು ಇಂಜೆಕ್ಷನ್, ಐದು ದಿನದ ಮಾತ್ರೆ, ಸೊಂಟಕ್ಕೊಂದು ಪಟ್ಟಿ, ಬಗ್ಗಬೇಡಿ ಎಂಬ ಬುದ್ಧಿಮಾತು.

ಬಗ್ಗದೆ ಬದುಕುವುದು ಹೇಗೆಂದು ಕೂಲಿಯ ಹೆಂಗಸು ಕೇಳಿದರೆ ಉತ್ತರವಿಲ್ಲ.

ಈ ವ್ಯಾಧಿ ಒಂದು ಸೀಮೆಯದಲ್ಲ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61 ಕೋಟಿ 90 ಲಕ್ಷ ಜನರು ಸೊಂಟನೋವಿನಿಂದ ನರಳುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಇಂಥವರಲ್ಲಿ ಬಹುಪಾಲು ಜನರಿಗೆ ಎಲುಬಿನಲ್ಲಾಗಲಿ ನರದಲ್ಲಾಗಲಿ ಇದೇ ಕಾರಣವೆಂದು ಬೊಟ್ಟುಮಾಡಿ ತೋರಿಸಬಹುದಾದ ದೋಷ ಇರುವುದಿಲ್ಲ. ಕಾರಣ ಕಾಣದಿದ್ದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ. ಹಾಗೆಯೇ, ನೋವು ಒಂದೇ ಎಂದ ಮಾತ್ರಕ್ಕೆ ರೋಗಿಗಳೆಲ್ಲರೂ ಒಂದೇ ಆಗುವುದಿಲ್ಲ.

ಆಸ್ಪತ್ರೆಯೊಂದರ ಬೆಂಚಿನ ಮೇಲೆ ಮೂವರು ಕುಳಿತಿದ್ದಾರೆಂದು ಭಾವಿಸೋಣ. ಮೊದಲನೆಯವನು ಚನ್ನರಾಯಪಟ್ಟಣದ ಕಡೆಯ ಯುವಕ. ಮೂಟೆ ಎತ್ತುವಾಗ ಸೊಂಟ ಉಳುಕಿ ನಾಲ್ಕು ದಿನವಾಗಿದೆ. ನೋವಿದೆ, ಆದರೆ ನಡೆಯುತ್ತಾನೆ, ನಗುತ್ತಾನೆ. ಎರಡನೆಯಾಕೆ ಹೊಳೆನರಸೀಪುರದ ಗೃಹಿಣಿ; ಮೂರು ವಾರಗಳಿಂದ ನೋವು ಸೊಂಟದಿಂದ ಇಳಿದು ಮೀನಖಂಡದವರೆಗೆ ಸೆಳೆಯುತ್ತಿದೆ, ಸೀರೆ ಉಡುವುದಕ್ಕೂ ಹೊತ್ತು ಹಿಡಿಯುತ್ತದೆ. ಮೂರನೆಯಾಕೆ ಅರಕಲಗೂಡಿನವಳು. ಆಕೆಯ ನೋವಿಗೆ ಎಂಟು ತಿಂಗಳು. ಕಿವಿಯ ಓಲೆಯನ್ನು ಅಡವಿಟ್ಟು ಸ್ಕ್ಯಾನ್ ಮಾಡಿಸಿದ್ದಾಳೆ. ಬೆನ್ನೆಲುಬಿನ ಬಿಲ್ಲೆ ಸವೆದಿದೆಯೆಂದು ಯಾರೋ ಹೇಳಿದ ಮಾತು ಎದೆಯಲ್ಲಿ ನಾಟಿದೆ. ಅಂದಿನಿಂದ ಕೊಡ ಎತ್ತಿಲ್ಲ, ಹೊಲಕ್ಕೆ ಇಳಿದಿಲ್ಲ, ನಂಟರ ಮದುವೆಗೂ ಹೋಗಿಲ್ಲ. “ಸವೆದದ್ದು ಮತ್ತೆ ಕೂಡೀತೇ, ಸ್ವಾಮಿ?” ಎಂಬುದೊಂದೇ ಆಕೆಯ ಪ್ರಶ್ನೆ.

ಮೂವರ ಚೀಟಿಯಲ್ಲಿಯೂ ಬರೆದಿರುವ ಹೆಸರು ಒಂದೇ: ಸೊಂಟನೋವು. ಮೂವರಿಗೂ ಒಂದೇ ಮದ್ದು ಕೊಟ್ಟು ಕಳುಹಿಸಿದರೆ ಮೊದಲನೆಯವನಿಗೆ ಅದು ಹೆಚ್ಚಾಗುತ್ತದೆ. ಮೂರನೆಯಾಕೆಗೆ ಅದು ಮುಟ್ಟುವುದೇ ಇಲ್ಲ.

ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಕೈಹಾಕಿದ್ದು ಈ ತೊಡಕಿಗೆ. ಊರಿನ ಸಾಮಾನ್ಯ ವೈದ್ಯರ ಬಳಿಯಲ್ಲಿಯೇ ಕೆಲವು ನಿಮಿಷಗಳಲ್ಲಿ ಕೇಳಿ ಮುಗಿಸಬಹುದಾದ ಒಂಬತ್ತು ಪ್ರಶ್ನೆಗಳನ್ನು ಅವರು ರೂಪಿಸಿದರು. ಕಳೆದ ಎರಡು ವಾರಗಳಲ್ಲಿ ನೋವು ಕಾಲಿಗೆ ಇಳಿದಿತ್ತೇ, ಕತ್ತು ಭುಜಗಳಲ್ಲಿಯೂ ನೋವಿತ್ತೇ, ನಡಿಗೆ ಕುಗ್ಗಿತೇ, ಬಟ್ಟೆ ಉಡುವುದು ನಿಧಾನವಾಯಿತೇ, ಇವು ಮೊದಲ ನಾಲ್ಕು ಪ್ರಶ್ನೆಗಳ ತಿರುಳು. ಉಳಿದ ಐದು ಮನಸ್ಸಿಗೆ ಸಂಬಂಧಪಟ್ಟವು: ಮೈ ದಂಡಿಸಿದರೆ ಅಪಾಯವೆಂಬ ಅಂಜಿಕೆ ಇದೆಯೇ, ಚಿಂತೆ ಕಾಡುತ್ತಿದೆಯೇ, ಇದು ಎಂದಿಗೂ ವಾಸಿಯಾಗದೆಂಬ ನಿರಾಸೆ ಹುಟ್ಟಿದೆಯೇ, ಹಿಂದೆ ಸಂತೋಷ ಕೊಡುತ್ತಿದ್ದ ಸಂಗತಿಗಳು ಈಗ ಸಪ್ಪೆಯಾಗಿವೆಯೇ, ಒಟ್ಟಿನಲ್ಲಿ ನೋವು ಎಷ್ಟು ಬಾಧಿಸುತ್ತಿದೆ ಎಂಬುವು.

ಹೌದೆಂಬ ಉತ್ತರಗಳು ಮೂರಕ್ಕೆ ಮೀರದಿದ್ದರೆ ಆ ರೋಗಿ ಮೊದಲನೆಯ ಗುಂಪಿನವನು. ಧೈರ್ಯ ಹೇಳಿ, ಓಡಾಡಿಕೊಂಡಿರಲು ತಿಳಿಸಿ ಕಳುಹಿಸಿದರೆ ಸಾಕು. ನಾಲ್ಕು ಅಥವಾ ಹೆಚ್ಚು ಇದ್ದು, ಕಡೆಯ ಐದರಲ್ಲಿ ಮೂರಕ್ಕೆ ಮೀರದಿದ್ದರೆ ಎರಡನೆಯ ಗುಂಪು. ಇವರಿಗೆ ಫಿಸಿಯೋಥೆರಪಿಯ ತಜ್ಞರಿಂದ ಅಂಗಸಾಧನೆ, ವ್ಯಾಯಾಮಗಳು ಬೇಕು. ಕಡೆಯ ಐದರಲ್ಲಿಯೇ ನಾಲ್ಕಕ್ಕೆ ಕಡಿಮೆಯಿಲ್ಲದೆ ಹೌದೆಂದವರು ಮೂರನೆಯ ಗುಂಪು. ಇವರಿಗೆ ಮೈಯ ವ್ಯಾಯಾಮದೊಡನೆ ಮನಸ್ಸಿನ ಅಂಜಿಕೆಯನ್ನು ಬಿಡಿಸುವ ಉಪಚಾರವೂ ಆಗಬೇಕು.

851 ರೋಗಿಗಳ ಮೇಲೆ ನಡೆದ ಈ ಪರೀಕ್ಷೆಯ ಫಲ 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೀಗೆ ವಿಂಗಡಿಸಿ ಉಪಚರಿಸಿದವರು ಒಂದು ವರ್ಷದ ಕೊನೆಯಲ್ಲಿ ಉಳಿದವರಿಗಿಂತ ತುಸು ಹೆಚ್ಚು ಚೇತರಿಸಿಕೊಂಡಿದ್ದರು, ವೆಚ್ಚವೂ ಕಡಿಮೆಯಾಗಿತ್ತು. ಪವಾಡವೇನೂ ಅಲ್ಲ, ಆದರೆ ದಿಟವಾದ ಲಾಭ.

ಅರಕಲಗೂಡಿನ ಆ ಹೆಂಗಸು ಮೂರನೆಯ ಗುಂಪಿನವಳೆಂದು ಬೇರೆ ಹೇಳಬೇಕಾಗಿಲ್ಲ. ಆಕೆಯನ್ನು ಹೆದರಿಸಿದ ಸ್ಕ್ಯಾನಿನ ಬಗ್ಗೆಯೂ ಒಂದು ಮಾತು ಅಗತ್ಯ. ಸೊಂಟನೋವೇ ಇಲ್ಲದ 3,110 ಜನರ ಚಿತ್ರಗಳನ್ನು ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇಪ್ಪತ್ತರ ಹರೆಯದವರಲ್ಲಿಯೇ ನೂರಕ್ಕೆ 37 ಮಂದಿಯ ಬೆನ್ನೆಲುಬಿನ ಬಿಲ್ಲೆಗಳಲ್ಲಿ ಸವೆತವಿತ್ತು. ಐವತ್ತು ವರ್ಷದವರಲ್ಲಿ ನೂರಕ್ಕೆ 80 ಮಂದಿಗೆ. ಕೂದಲು ನರೆತಂತೆ ಬಿಲ್ಲೆಯೂ ಸವೆಯುತ್ತದೆ. ಮಬ್ಬಿನಲ್ಲಿ ಹಗ್ಗವನ್ನು ಕಂಡು ಹಾವೆಂದು ಹೆದರಿದವನಿಗೆ ವಿಷವಿಳಿಸುವ ಮದ್ದು ಕೊಟ್ಟು ಫಲವೇನು? ಬೇಕಾದದ್ದು ದೀಪ. ಚಿತ್ರದಲ್ಲಿ ಕಂಡದ್ದು ಎಷ್ಟೋ ಆರೋಗ್ಯವಂತರಲ್ಲಿಯೂ ಇರತಕ್ಕದ್ದೆಂದು ತಿಳಿಯಹೇಳಿ, ಮೊದಲ ವಾರ ಅಂಗಳದವರೆಗೆ, ಮರುವಾರ ಬೀದಿಯ ಕೊನೆಯವರೆಗೆ, ಮೊದಲು ಚೊಂಬು, ಆಮೇಲೆ ಅರ್ಧ ಕೊಡ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಆಕೆಯನ್ನು ಮತ್ತೆ ದುಡಿಮೆಗೆ ಕರೆತರುವುದೇ ಆ ದೀಪ. ಬಗ್ಗಿದರೂ ಬೆನ್ನು ಮುರಿಯಲಿಲ್ಲವೆಂಬುದನ್ನು ಆಕೆಯ ಮೈಯೇ ಆಕೆಗೆ ತೋರಿಸಿಕೊಡಬೇಕು.

ಧೈರ್ಯ ಹೇಳುವ ಮೊದಲು ವೈದ್ಯರು ತಪ್ಪದೆ ಮಾಡತಕ್ಕ ಕಾರ್ಯವೊಂದುಂಟು. ಆ ಬೆಂಚಿನಲ್ಲಿ ನಾಲ್ಕನೆಯವರೂ ಇರಬಹುದು. ಸಂಜೆ ಜ್ವರ, ಮೈ ಇಳಿತಗಳ ಜೊತೆಗೆ ಬೆನ್ನುನೋವಿದ್ದರೆ ಬೆನ್ನೆಲುಬಿನ ಕ್ಷಯವಿರಬಹುದು. ವೃದ್ಧೆಯೊಬ್ಬಳು ಸ್ವಲ್ಪ ಜಾರಿ ಕುಳಿತಮೇಲೆ ನೋವು ಬಂದಿದ್ದರೆ ಎಲುಬು ಕುಸಿದಿರಬಹುದು. ಹಿಂದೆ ಕ್ಯಾನ್ಸರ್ ಬಂದಿದ್ದವರ ನೋವನ್ನು ಹಗುರವಾಗಿ ಕಾಣಲಾಗದು. ಕಾಲಿನ ಶಕ್ತಿ ಉಡುಗುವುದು, ತೊಡೆಸಂದಿಯ ಸುತ್ತ ಮರಗಟ್ಟುವುದು, ಮೂತ್ರ ಕಟ್ಟಿಕೊಳ್ಳುವುದು ಅಥವಾ ತಿಳಿಯದಂತೆ ಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಇಂಥವರಿಗೆ ಸ್ಕ್ಯಾನ್ ದುಂದಲ್ಲ, ಜೀವರಕ್ಷೆ. ಒಂಬತ್ತು ಪ್ರಶ್ನೆಗಳು ಇವರಿಗಾಗಿ ಹುಟ್ಟಿದವಲ್ಲ.

ಈ ವಿಧಾನಕ್ಕೆ ಎಲ್ಲೆಡೆಯೂ ಗೆಲುವೇ ದೊರೆತಿದೆಯೆಂದು ಹೇಳಿದರೆ ಅದು ಅರ್ಧ ಸತ್ಯವಾದೀತು. ಅಮೆರಿಕೆಯಲ್ಲಿ ನಡೆದು 2018 ಮತ್ತು 2021ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಮೊದಲನೆಯದರಲ್ಲಿ ವೈದ್ಯರಿಗೆ ಪ್ರಶ್ನೆಗಳನ್ನು ಕಲಿಸಲಾಯಿತಾದರೂ ಅವರು ಕೊಡುತ್ತಿದ್ದ ಚಿಕಿತ್ಸೆ ಹೆಚ್ಚಾಗಿ ಬದಲಾಗಲೇ ಇಲ್ಲ. ಜರಡಿ ಹಿಡಿದರೆ ಕಾಳು ಬೇರೆಯಾಗುತ್ತದೆಯೇ ಹೊರತು ಅನ್ನವಾಗುವುದಿಲ್ಲ. ವಿಂಗಡಿಸಿದ ಮೇಲೆ ಅವರವರಿಗೆ ತಕ್ಕ ಉಪಚಾರ ದೊರೆಯಲೇಬೇಕು.

ಹಾಸನದ ಮಟ್ಟಿಗೆ ಯೋಚಿಸಬೇಕಾದದ್ದೂ ಇದನ್ನೇ. ಜಿಲ್ಲೆಯ ಕೇಂದ್ರದಲ್ಲಿ 2006ರಿಂದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ತಾಲ್ಲೂಕಿಗೊಂದು ಆಸ್ಪತ್ರೆ, ಹೋಬಳಿಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯರು ಇದ್ದಾರೆ. ಮೊದಲನೆಯ ಗುಂಪಿನವರನ್ನು ಸಮಾಧಾನಪಡಿಸಿ ಹಳ್ಳಿಯಲ್ಲಿಯೇ ಉಳಿಸಿಕೊಂಡರೆ ಅವರ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಉಳಿದವು. ದೊಡ್ಡ ಆಸ್ಪತ್ರೆಯ ತಜ್ಞರ ಹೊತ್ತು ನಿಜವಾಗಿ ಬೇಕಾದವರಿಗೆ ಮೀಸಲಾಯಿತು. ಆದರೆ ಆ ಒಂಬತ್ತು ಪ್ರಶ್ನೆಗಳನ್ನು ನಾಟಿಯ ಹೆಣ್ಣಾಳಿಗೆ ತಿಳಿಯುವ ನುಡಿಯಲ್ಲಿ ಕೇಳಬೇಕು. ವ್ಯಾಯಾಮ ಮಾಡುತ್ತೀರಾ ಎಂದರೆ ಆಕೆ ನಕ್ಕಾಳು. ಕಳೆ ಕೀಳಲು ಹೆದರಿಕೆಯೇ ಎಂದರೆ ಮನಸ್ಸು ಬಿಚ್ಚಿಯಾಳು.

ಹಳೆಯ ನೋವಿಗೆ ಸೊಂಟದ ಪಟ್ಟಿಯನ್ನಾಗಲಿ, ಜಗ್ಗುವ ಯಂತ್ರವನ್ನಾಗಲಿ ವಾಡಿಕೆಯಾಗಿ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಸೂಚಿಸಿತು. ತಿಳಿವಳಿಕೆ ನೀಡುವುದನ್ನೂ ವ್ಯಾಯಾಮವನ್ನೂ ಮುಂದಿಟ್ಟಿತು. ಹೊಸದಾಗಿ ಉಳುಕಿದವರಿಗೂ ಹಾಸಿಗೆ ಹಿಡಿಯುವುದಕ್ಕಿಂತ ಆದಷ್ಟು ಓಡಾಡುವುದೇ ಲೇಸು. ಬೆನ್ನು ಹೂಡದ ಎತ್ತಿನಂತೆ. ಕೊಟ್ಟಿಗೆಯಲ್ಲಿ ಕಟ್ಟಿಹಾಕಿದಷ್ಟೂ ನೊಗಕ್ಕೆ ಹೆದರುತ್ತದೆ.

ಔಷಧದ ಚೀಟಿ ಬರೆಯಲು ಒಂದು ನಿಮಿಷ ಸಾಕು. “ನಿಮಗೆ ಯಾವುದಕ್ಕೆ ಅಂಜಿಕೆ, ತಾಯಿ?” ಎಂದು ಕೇಳಿ ಉತ್ತರಕ್ಕೆ ಕಾಯಲು ಐದು ನಿಮಿಷವಾದರೂ ಬೇಕು. ಆ ಐದು ನಿಮಿಷ ಎಂಟು ತಿಂಗಳ ಹಿಂದೆಯೇ ದೊರೆತಿದ್ದರೆ, ಅರಕಲಗೂಡಿನ ಆಕೆಯ ಓಲೆ ಇಂದಿಗೂ ಕಿವಿಯಲ್ಲಿಯೇ ಇರುತ್ತಿತ್ತು.